ಅಜ್ಜಿಗೆ ಮುಸುಯ, ಅತ್ತೆಗೆ ಕಾಡುಪಾಪ

ಡಿಸೆಂಬರ್ ಅರ್ಧ ಕಳೆದು ಧನುರ್ಮಾಸ ಹುಟ್ಟಿತೆಂದರೆ ಹಲಸೂರಿನ ನಮ್ಮ ವಠಾರಕ್ಕೆ ಎರಡು ವಾಸನೆ ಒಟ್ಟಿಗೇ ಬರುತ್ತಿದ್ದವು: ಸೋಮೇಶ್ವರನ ಗುಡಿಯಿಂದ ದೊನ್ನೆಯಲ್ಲಿ ಬರುವ ಹುಗ್ಗಿಯ ಮೆಣಸು-ತುಪ್ಪದ್ದೊಂದು, ಸ್ಟಾಂಪು ಅಂಟಿಸಲು ನಡುಮನೆಯಲ್ಲಿ ತೆರೆದಿಟ್ಟ ಗೋಂದಿನ ಶೀಶೆಯದ್ದೊಂದು. ಹೊಸ ವರ್ಷಕ್ಕೂ ಸಂಕ್ರಾಂತಿಗೂ ಸೇರಿಸಿ ಒಂದೇ ಗ್ರೀಟಿಂಗ್ಸು. ದೂರವಾಣಿನಗರದ ಐಟಿಐನಲ್ಲಿ ದಿನವಿಡೀ ಫೋನು ಜೋಡಿಸಿ ಬರುವ ಅಪ್ಪನ ಮನೆಯಲ್ಲಿ ಫೋನಿರಲಿಲ್ಲ, ಹಾಗಾಗಿ ನೆಂಟರಿಗೆಲ್ಲ ನಾವು ಬದುಕಿದ್ದೇವೆಂದು ತಿಳಿಸುವ ಕೆಲಸ ಮಕ್ಕಳ ತಲೆಗೇ ಬರುತ್ತಿತ್ತು.

ಗ್ರೀಟಿಂಗ್ಸ್ ತರುವವರು ಚಿಕ್ಕಪ್ಪ. ಎಂ.ಜಿ. ರೋಡಿನ ಗಂಗಾರಾಮ್ಸ್‌ನಲ್ಲಿ ಒಂದೊಂದನ್ನೂ ಮುಟ್ಟಿ, ತೆರೆದು, ಹಿಂದೆ ಬರೆದ ಬೆಲೆ ಓದಿ, ಇದ್ದಲ್ಲೇ ಇಟ್ಟು, ಆಮೇಲೆ ಬ್ರಿಗೇಡ್ ರೋಡಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಳ್ಳುವುದು ಅವರ ಪದ್ಧತಿ. ಎಂ.ಜಿ. ರೋಡು ಅಜ್ಜಿಯ ಬಾಯಲ್ಲಿ ಕೊನೆಯವರೆಗೂ ಸೌತ್ ಪೆರೇಡೇ. ಪ್ರತಿವರ್ಷ ಗುಲಾಬಿ, ದೀಪ, ಬುಟ್ಟಿಯಲ್ಲಿ ಕೂತ ನಾಯಿಮರಿ ಬರುತ್ತಿದ್ದದ್ದು ಒಂದು ವರ್ಷ ಕಟ್ಟು ಬಿಚ್ಚಿದರೆ ಬರೀ ಮಂಗಗಳು! "ಹೊಸ ವರ್ಷದ ದಿನ ಯಾರಾದ್ರೂ ಕೋತಿ ಕಳಿಸ್ತಾರೇನ್ರೀ?" ಅಂತ ಚಿಕ್ಕಮ್ಮ. "ಡಜನ್ನು ಅಗ್ಗಕ್ಕೆ ಸಿಕ್ತು, ಹಳೇ ಕಾಲದ ಚಿತ್ರ ಕಣೇ" ಅಂತ ಚಿಕ್ಕಪ್ಪ.

ನಿಜಕ್ಕೂ ಹಳೆಯವೇ. ಕೆನೆ ಬಣ್ಣದ ದಪ್ಪ ಕಾಗದ, ಸೂಜಿಯಿಂದ ಎಳೆದಷ್ಟು ಸಣ್ಣ ಗೆರೆಯ ಕೂದಲು, ಅಡಿಯಲ್ಲಿ ವಾಲಿದ ಅಕ್ಷರದಲ್ಲಿ ಲ್ಯಾಟಿನ್ ಹೆಸರು. 1790ರ ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ಔದೆಬೇರ್ ಎಂಬಾತ ಕೋತಿಗಳದ್ದೇ ಒಂದು ದೊಡ್ಡ ಪುಸ್ತಕ ಮಾಡಿದನೆಂದೂ, ಆ ಕಾಲದ ಚಿತ್ರಕಾರರಲ್ಲಿ ಬಹಳಷ್ಟು ಮಂದಿ ಜೀವಂತ ಪ್ರಾಣಿಯನ್ನು ಕಾಡಿನಲ್ಲಿ ಕಾಣದೆ, ಹಡಗಿನಲ್ಲಿ ಬಂದ ಚರ್ಮಕ್ಕೆ ಹುಲ್ಲು ತುಂಬಿದ್ದನ್ನು ನೋಡಿ ಬರೆಯುತ್ತಿದ್ದರೆಂದೂ ಆಮೇಲೆ ದೊಡ್ಡವಳಾಗಿ ಓದಿದೆ. ಅದಕ್ಕೇ ಇರಬೇಕು, ಆ ಮುಖಗಳೆಲ್ಲ ಮನುಷ್ಯರವು. ನಮ್ಮೂರ ಕಪಿ ಒಂದರಲ್ಲಿತ್ತು, 1812ರಲ್ಲಿ ಜೆಫ್ರಾ ಎಂಬ ಫ್ರೆಂಚ್ ಪಂಡಿತ ಹೆಸರಿಟ್ಟದ್ದು: ನೆತ್ತಿಯ ಕೂದಲು ಸುಳಿಯಿಂದ ಸುತ್ತಲೂ ಹರಡಿ ಟೋಪಿಯಾಗಿದೆ, ಮೋಟುಮರದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದೆ, ಕೈಯಲ್ಲೊಂದು ಹಣ್ಣು, ಸೀಬೆಯೂ ಅಲ್ಲ, ಮಾವೂ ಅಲ್ಲ. ಹೆಂಚಿನ ಮೇಲೆ ದಡದಡ ಓಡಿ, ಅಜ್ಜಿ ಒಣಹಾಕಿದ ಸಂಡಿಗೆಯನ್ನು ಪಂಚೆ ಸಮೇತ ಎಳೆದುಕೊಂಡು ಹೋಗುವ ಕಪಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬಂತೆಂದು ನಾವು ಬೆರಗಾದೆವು.

ಕವರಿನ ಬಾಯಿ ಅಂಟಿಸದೆ ಒಳಕ್ಕೆ ಮಡಚಿದರೆ ಬುಕ್ ಪೋಸ್ಟು, ಸ್ಟಾಂಪಿನ ಕಾಸು ಉಳಿಯುತ್ತಿತ್ತು. ಆದರೆ ಒಳಗೆ ಐದು ಮಾತಿಗಿಂತ ಹೆಚ್ಚು ಬರೆದರೆ ಪೋಸ್ಟ್‌ಮ್ಯಾನ್ ದಂಡ ಹಾಕುತ್ತಾನೆ ಅಂತ ಅಪ್ಪ ಪಕ್ಕದಲ್ಲೇ ಕೂತು ಎಣಿಸುತ್ತಿದ್ದರು. ಐದು ಮಾತಿನಲ್ಲಿ ಏನು ಹೇಳಲಿಕ್ಕಾದೀತು? ಹೇಳಬೇಕಾದ್ದನ್ನೆಲ್ಲ ಮಂಗದ ಕೈಲೇ ಹೇಳಿಸಿದೆವು. ಮಾತೆತ್ತಿದರೆ ಗದರುವ ದೊಡ್ಡಪ್ಪನಿಗೆ ಹಲ್ಲುಕಿರಿದ ಬಬೂನು. ಎಲ್ಲರ ಮದುವೆ ಮಾತುಕತೆಗೂ ಕಣ್ಣರಳಿಸಿ ಮೂಲೆ ಹಿಡಿಯುವ ಅತ್ತೆಗೆ ಕಾಡುಪಾಪ. ಗಡ್ಡ ಬಿಟ್ಟು ಕವಿಯಾಗಹೊರಟಿದ್ದ ಮಾವನಿಗೆ ಬಿಳಿ ಕೇಸರದ ಸಿಂಗಳೀಕ. ಯಾರಿಗೆ ಯಾವುದು ಎಂಬ ಜಗಳದಲ್ಲೇ ಸಂಜೆ ಕಳೆದು, ಅಡುಗೆಮನೆಯಿಂದ ಅವರೇಕಾಳಿನ ಸಾರಿನ ವಾಸನೆ ಬಂದು, "ಏಳ್ರೋ, ಎಲೆ ಹಾಕ್ಬೇಕು" ಅಂತ ಅಮ್ಮ ಕೂಗುವ ಹೊತ್ತಿಗೆ ನಮ್ಮ ಬೆರಳೆಲ್ಲ ಅಂಟಂಟು.

ಮುಸುಯವನ್ನು ಮಾತ್ರ ಯಾರಿಗೂ ಕಳಿಸಲಾಗಲಿಲ್ಲ. ಕರಿ ಮುಖ, ಉದ್ದ ಬಾಲ ನೋಡಿದ್ದೇ ಅಜ್ಜಿ, "ನಮ್ಮಪ್ಪ ಹನುಮಪ್ಪ ಕಣೋ, ಟಪ್ಪಾಲಿಗೆ ಹಾಕ್ತೀರಾ?" ಅಂತ ಕಿತ್ತುಕೊಂಡು, ದೇವರ ಗೂಡಿನಲ್ಲಿ ನಿಲ್ಲಿಸಿ ಕುಂಕುಮ ಇಟ್ಟುಬಿಟ್ಟಳು. ಬೆಳಿಗ್ಗೆ ಕೋಲು ಹಿಡಿದು ಕಪಿ ಓಡಿಸಿದವಳೂ ಅವಳೇ. ಶನಿವಾರ ಶನಿವಾರ ಇಟ್ಟ ಕುಂಕುಮ ಗಟ್ಟಿಯಾಗಿ, ಎಣ್ಣೆಮಸಿ ಕೂತು, ಕೆಲವು ವರ್ಷಕ್ಕೆ ಅದು ಯಾವ ಪ್ರಾಣಿಯೆಂದು ಔದೆಬೇರನೇ ಬಂದರೂ ಗುರುತು ಹಿಡಿಯುವಂತಿರಲಿಲ್ಲ.

ಜನವರಿಯಲ್ಲಿ ಉತ್ತರಗಳು ಬರುತ್ತಿದ್ದವು. ಬಂದದ್ದನ್ನೆಲ್ಲ ಕಿಟಕಿಯಿಂದ ಗೂಟಕ್ಕೆ ಕಟ್ಟಿದ ದಾರಕ್ಕೆ ನೇತುಹಾಕಿ, ಎಳ್ಳು ಬೀರಲು ಬಂದ ಹೆಂಗಸರು ತಲೆ ಬಗ್ಗಿಸಿ ಅದರಡಿ ನುಸುಳಿ, ಸಕ್ಕರೆ ಅಚ್ಚಿನ ತಟ್ಟೆ ಹಿಡಿದುಕೊಂಡೇ ಒಂದೊಂದನ್ನೂ ಓದುತ್ತಿದ್ದರು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ ಅತ್ತೆ ಬರೆದಿದ್ದಳು: "ಪಾಪ ತಲುಪಿತು. ನನ್ನಂತೆಯೇ ಇದೆ." ನಾಲ್ಕೇ ಮಾತು. ಒಂದು ಮಿಗಿಸಿದಳಲ್ಲ ಅಂತ ಅಪ್ಪ ಮೆಚ್ಚಿಕೊಂಡರು.

2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿ, ಅತ್ತೆಯ ಮನೆಯವರು ಕೆ.ಆರ್. ಪುರಕ್ಕೆ ಬಂದರು. ಅಷ್ಟರಲ್ಲಿ ನಮ್ಮಲ್ಲೂ ಫೋನಿತ್ತು, ಬರೆಯುವುದು ತಾನಾಗಿ ನಿಂತಿತ್ತು. ವಠಾರ ಕೆಡವಿ ನಾಲ್ಕಂತಸ್ತು ಎಬ್ಬಿಸಿದರು. ಹೆಂಚಿಲ್ಲ, ಸಂಡಿಗೆಯನ್ನು ಅಂಗಡಿಯಿಂದ ತರುತ್ತೇವೆ, ಕಪಿಗಳು ಕೆರೆಯ ಕಡೆ ಹೋದವೋ ಎತ್ತ ಹೋದವೋ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ 2011ರ ಅಕ್ಟೋಬರಿನಲ್ಲಿ ಮೆಟ್ರೋ ಬಿಟ್ಟಾಗ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆವು. ಮೇಲಿನಿಂದ ನೋಡಿ ಅವರು ಪ್ಲಾಜಾ ಟಾಕೀಸು ಹುಡುಕಿದರು.

ಮೊನ್ನೆ ಸಂಕ್ರಾಂತಿಗೆ ಮನೆಮಂದಿಯ ವಾಟ್ಸಾಪಿನಲ್ಲಿ ಒಂದೇ ಕಬ್ಬಿನ ಚಿತ್ರ ಹನ್ನೊಂದು ಸಲ ಬಂತು. ಹನ್ನೆರಡನೆಯದು ಅತ್ತೆಯದು, ಧ್ವನಿಸಂದೇಶ: ಆ ವರ್ಷ ಬಬೂನು ಬಂದದ್ದು ದೊಡ್ಡಪ್ಪನಿಗಲ್ಲವಂತೆ, ಮಾವನಿಗಂತೆ. ಅಣ್ಣ ಒಪ್ಪಲಿಲ್ಲ. ರಾತ್ರಿ ಹನ್ನೊಂದಾದರೂ ಇಬ್ಬರೂ ಬಿಡಲಿಲ್ಲ.