ಕೂತ್ರೆ ಮೇಲುಸಿರು, ಮಲಗಿದ್ರೆ ಆರಾಮ

ಅವರೆಕಾಯಿ ಸೀಸನ್ ಬಂದ್ರೆ ಹೊಸಕೆರೆಹಳ್ಳಿಯ ನಮ್ಮ ಮನೆ ಮೆಟ್ಟಿಲ ಮೇಲೆ ಅಜ್ಜಿ ಕಾಯಿ ಸುಲಿಯುತ್ತಾ ಕೂರೋರು. ಕಳೆದ ವರ್ಷ ಕೂರಲೇ ಇಲ್ಲ. "ಕೂತ್ರೆ ಮೇಲುಸಿರು ಬರುತ್ತೆ ಕಣೋ, ಮಲಗಿದ್ರೆ ಸರಿಹೋಗುತ್ತೆ" ಅಂತಿದ್ರು. ಹೃದಯದ ತೊಂದರೆ ಇರೋರಿಗೆ ಸಾಮಾನ್ಯವಾಗಿ ಮಲಗಿದಾಗಲೇ ಕಷ್ಟ. ಅಜ್ಜೀದು ಉಲ್ಟಾ. "ಕೆಲಸ ತಪ್ಪಿಸ್ಕೊಳ್ಳೋ ಕಾಯಿಲೆ" ಅಂತ ನಾನೇ ತಮಾಷೆ ಮಾಡಿದ್ದೆ.

ಮೊದಲು ತೋರಿಸಿದ ಡಾಕ್ಟರಿಗೆ ಕನ್ನಡ ಬರ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂ ಮೊಮ್ಮಗ ನಾನು, ಅನುವಾದ ನಂದೇ. ಅಜ್ಜಿಯ ಅಷ್ಟೂ ಮಾತನ್ನ ಒಂದೇ ಪದಕ್ಕೆ ಇಳಿಸಿದೆ: ಬ್ರೆತ್‌ಲೆಸ್‌ನೆಸ್. ಅವರು ಎಕೋ ಮಾಡಿಸಿದ್ರು, ಎಲ್ಲರಿಗೂ ಮಾಡೋ ಹಾಗೆ ಮಲಗಿಸಿ. ನಾರ್ಮಲ್ ಬಂತು.

ಎರಡನೇ ಕಡೆ ಡಾಕ್ಟರಮ್ಮ ಕನ್ನಡದವರು. ಅಜ್ಜಿ ತಾವೇ ಹೇಳಿದ್ರು. ಅವರು ತಕ್ಷಣ ಬೆರಳಿಗೆ ಆಕ್ಸಿಮೀಟರ್ ಹಾಕಿದ್ರು. ಮಲಗಿದ್ದಾಗ 95. ಎದ್ದು ಕೂತ ಮೇಲೆ ನೋಡನೋಡ್ತಾ 84.

ಆಮೇಲೆ ಬಬಲ್ ಎಕೋ. ಸಲೈನಿಗೆ ಚೂರು ಗಾಳಿ ಸೇರಿಸಿ, ಎರಡು ಸಿರಿಂಜ್ ನಡುವೆ ಆಕಡೆ ಈಕಡೆ ತಳ್ಳಿ, ಕೈಯಿನ ರಕ್ತನಾಳಕ್ಕೆ ಕೊಡ್ತಾರೆ. ಆ ಸಣ್ಣ ಗುಳ್ಳೆಗಳು ಹೃದಯದ ಬಲಭಾಗಕ್ಕೆ ಬಂದು, ಶ್ವಾಸಕೋಶದಲ್ಲಿ ಸೋಸಿಹೋಗ್ಬೇಕು. ಎಡಭಾಗದಲ್ಲಿ ಕಾಣಬಾರದು. ಮಲಗಿದ್ದಾಗ ಒಂದೆರಡು ಕಂಡ್ವು ಅಷ್ಟೇ. ಕೂರಿಸಿ ಮತ್ತೆ ಮಾಡಿದ್ರು. ಮೂರು ಬಡಿತದೊಳಗೆ ಎಡಭಾಗವೂ ಬೆಳ್ಳಗಾಯ್ತು.

ಹುಟ್ಟೋಕೆ ಮುಂಚೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಎಲ್ಲರಿಗೂ ಒಂದು ಕಿಂಡಿ ಇರುತ್ತೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚಲ್ಲ, ಹೆಚ್ಚಿನವರಿಗೆ ಗೊತ್ತೇ ಆಗಲ್ಲ. ಆದ್ರೆ ವಯಸ್ಸಾಗಿ ಬೆನ್ನು ಬಾಗಿದ್ರೆ, ಮಹಾಪಧಮನಿ ಹಿಗ್ಗಿದ್ರೆ, ಕೂತಾಗ ಒಳಗಿನ ಗೋಡೆಯ ಓರೆ ಬದಲಾಗಿ ಆಕ್ಸಿಜನ್ ಕಮ್ಮಿ ಇರೋ ರಕ್ತ ಕಿಂಡಿಯಲ್ಲೇ ನುಗ್ಗಬಹುದು. ಅಪರೂಪದ ಈ ತೊಂದರೆಗೆ ಪ್ಲಾಟಿಪ್ನಿಯಾ-ಆರ್ಥೋಡಿಯಾಕ್ಸಿಯಾ ಅಂತ ಹೆಸರು.

ಎಕೋ ಶುರುವಾಗಿದ್ದೇ ಎಂಜಿನಿಯರಿಂಗ್ ಯಂತ್ರದಿಂದ. 1953ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಹಡಗು ಕಟ್ಟೋ ಕಡೆಯಿಂದ ಲೋಹದ ಬಿರುಕು ಹುಡುಕೋ ಅಲ್ಟ್ರಾಸೌಂಡ್ ಯಂತ್ರ ಎರವಲು ತಂದು ಹೃದಯ ನೋಡಿದ್ರು. ಯಾವ ಲೋಡಲ್ಲಿ ಫಾಲ್ಟ್ ಬರುತ್ತೋ ಅದೇ ಲೋಡಲ್ಲಿ ಟೆಸ್ಟ್ ಮಾಡಬೇಕು ಅಂತ ನಮಗೂ ಲ್ಯಾಬಲ್ಲಿ ಹೇಳಿಕೊಡ್ತಾರೆ. ಯಾವ ಲೋಡು ಅಂತ ಅಜ್ಜಿ ಮೊದಲ ದಿನವೇ ಹೇಳಿದ್ರು. ಅರ್ಧ ವಾಕ್ಯ ನುಂಗಿದವನು ನಾನು.

ತೊಡೆಯ ರಕ್ತನಾಳದಿಂದ ಪುಟ್ಟ ಡಿವೈಸ್ ಕಳಿಸಿ ಕಿಂಡಿ ಮುಚ್ಚಿದ್ರು. ಈ ಸಲ ಅವರೆಕಾಯಿ ಸುಲಿದಿದ್ದು ಅಜ್ಜೀನೇ. ಮೊನ್ನೆ ಕಣ್ಣಿನ ಡಾಕ್ಟರ್ ಹತ್ರ ಹೋದಾಗ ನಾನು ಬಾಯಿ ತೆಗೆಯೋ ಮುಂಚೆಯೇ ಅಂದ್ರು: "ನೀನು ಸುಮ್ನಿರಪ್ಪ, ನಾನೇ ಹೇಳ್ತೀನಿ."