‘ರಸ್ತಫಾರಿ’ ಎಂಬ ಹೆಸರು

‘ರಸ್ತಫಾರಿಯನ್’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರ ಕಣ್ಮುಂದೆ ಬರುವುದು ಜಡೆಗಟ್ಟಿದ ಕೂದಲು, ಗಾಂಜಾ ಹೊಗೆ, ಬಾಬ್ ಮಾರ್ಲಿಯ ಚಿತ್ರವಿರುವ ಅಂಗಿ. ಪದವನ್ನು ಬಿಡಿಸಿ ನೋಡಿದರೆ ಸಿಗುವುದೇ ಬೇರೆ. (ನಮ್ಮ ರಸ್ತೆಗೂ ಇದಕ್ಕೂ ನಂಟಿಲ್ಲ!) ಇಥಿಯೋಪಿಯದ ಅಮ್ಹಾರಿಕ್ ಭಾಷೆಯಲ್ಲಿ ‘ರಾಸ್’ ಎಂದರೆ ತಲೆ, ಹೀಬ್ರೂ ಭಾಷೆಯ ‘ರೋಶ್’ ಇದರ ಸೋದರ ಪದ. ಅದು ಅಲ್ಲಿನ ಒಡೆಯರಿಗೆ ಸಲ್ಲುತ್ತಿದ್ದ ಬಿರುದೂ ಹೌದು. ‘ತಫಾರಿ’ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಆ ರಾಸ್ ತಫಾರಿ 1930ರ ನವೆಂಬರ್ 2ರಂದು ಚಕ್ರವರ್ತಿಯಾಗಿ ಪಟ್ಟವೇರಿದಾಗ ತಳೆದ ಹೆಸರು ಹೈಲೆ ಸೆಲಾಸಿ. ಅಂದರೆ ‘ಪರಮ ತ್ರಿತ್ವದ ಶಕ್ತಿ’.

ಈ ಸುದ್ದಿ ಕಡಲಾಚೆಯ ಜಮೈಕದ ಬಡ ಕಪ್ಪು ಜನರನ್ನು ತಲುಪಿತು. ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಗುಲಾಮಗಿರಿ 1838ರಲ್ಲೇ ಕೊನೆಗೊಂಡಿದ್ದರೂ ಅಧಿಕಾರ ಬಿಳಿಯರ ಕೈಯಲ್ಲೇ ಉಳಿದಿತ್ತು. ಚಿತ್ರಪಟಗಳಲ್ಲಿ ಅವರು ಕಂಡ ದೇವರೂ ಬಿಳಿಯನೇ. ಲೆನರ್ಡ್ ಹೊವೆಲ್ ಮೊದಲಾದ ಬೋಧಕರು ಬೈಬಲ್ ತೆರೆದು, ಇಥಿಯೋಪಿಯವನ್ನು ಹೆಸರಿಸುವ 68ನೇ ಕೀರ್ತನೆಯನ್ನೂ ಯೂದ ಕುಲದ ಸಿಂಹದ ಮಾತು ಬರುವ ಪ್ರಕಟನಾ ಗ್ರಂಥವನ್ನೂ ಈ ಪಟ್ಟಾಭಿಷೇಕದೊಂದಿಗೆ ಕೂಡಿಸಿ ಓದಿದರು. ಚಕ್ರವರ್ತಿಯೇ ದೇವರೆಂದು ಸಾರಿದರು. ಗುರುವಾದ ನಾನು ಇದನ್ನು ಒಪ್ಪಲಾರೆ. ಸ್ವತಃ ಆ ಚಕ್ರವರ್ತಿಯೇ ಇಥಿಯೋಪಿಯದ ಆರ್ಥಡಾಕ್ಸ್ ಧರ್ಮಸಭೆಗೆ ಸೇರಿದ ಕ್ರೈಸ್ತನಾಗಿದ್ದ. ಆದರೆ ದೇವರಲ್ಲಿ ತಮ್ಮ ಮೈಬಣ್ಣವನ್ನು ಕಾಣುವ ಹಸಿವು ಆ ಜನರಿಗೆ ಏಕೆ ಹುಟ್ಟಿತೆಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಅವರಲ್ಲ, ದೇವರಿಗೆ ಬಿಳಿಯ ಬಣ್ಣವನ್ನೇ ಬಳಿದ ನಾವು.

ಇಂಗ್ಲಿಷ್ ಬಲ್ಲವರು ಈ ಹೆಸರಿಗೆ ‘ಇಸಂ’ ಅಂಟಿಸಿ ಅದನ್ನೊಂದು ವಾದವನ್ನಾಗಿಸಿದರು. ಅವರಲ್ಲಿ ಅನೇಕರಿಗೆ ಆ ಬಾಲ ಬೇಡ. ‘ಇಸಂ’ಗಳೆಲ್ಲ ತಮ್ಮನ್ನು ತುಳಿದ ‘ಬಾಬಿಲೋನ್’ ವ್ಯವಸ್ಥೆಯ ಸರಕೆಂಬುದು ಅವರ ಎಣಿಕೆ; ‘ರಸ್ತಫಾರಿ’ ಎಂದರೆ ಸಾಕು. ಅಂತಿಯೋಕ್ಯದಲ್ಲಿ ‘ಕ್ರೈಸ್ತರು’ ಎಂಬ ಹೆಸರನ್ನು ನಮಗೂ ಹೊರಗಿನವರೇ ಇಟ್ಟಿರಬೇಕು. ನಾವು ಅದನ್ನು ಸಂತೋಷದಿಂದ ಹೊತ್ತೆವು.

ಆ ಹೆಸರೇ ಅಪರಾಧವಾದ ದಿನಗಳೂ ಇದ್ದವು. 1963ರ ಪವಿತ್ರ ಗುರುವಾರ ಜಮೈಕದ ಕೋರಲ್ ಗಾರ್ಡನ್ಸ್‌ನಲ್ಲಿ ಹಿಂಸಾಚಾರ ನಡೆಯಿತು. ಬಳಿಕ ಅದರಲ್ಲಿ ಪಾಲೇ ಇಲ್ಲದ ಅನೇಕ ರಸ್ತಫಾರಿಗಳನ್ನು ಪೊಲೀಸರು ಹಿಡಿದು ಥಳಿಸಿದರು. ಸಂಖ್ಯಾಕಾಂಡದ ನಾಜೀರರ ಹರಕೆಯಂತೆ ಬೆಳೆಸಿದ್ದ ಜಡೆಗಳನ್ನು ಕತ್ತರಿಸಿಹಾಕಿದರು. ಪ್ರಧಾನಿ ಆಂಡ್ರೂ ಹೋಲ್ನೆಸ್ ಸರ್ಕಾರದ ಪರವಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2017ರಲ್ಲಿ. ಆ ವೇಳೆಗೆ ಏಟು ತಿಂದವರಲ್ಲಿ ಹಲವರು ಮಣ್ಣು ಸೇರಿದ್ದರು.