ಅಜ್ಜಿಯ ತುಳು, ನಾಳೆಯ ಫೋನು

ಕಾರ್ಕಳದ ಅಜ್ಜಿಗೆ ಓದಲು ಬರುವುದಿಲ್ಲ. ಅವರ ಬಟನ್ ಫೋನಿನಲ್ಲಿ 2 ಒತ್ತಿದರೆ ಅಮ್ಮ, 3 ಒತ್ತಿದರೆ ನಾನು. ಕಳೆದ ಮೇ ತಿಂಗಳಲ್ಲಿ ಮಣಿಪಾಲದಿಂದ ಹೋಗುವಾಗ ಒಂದು ಸ್ಮಾರ್ಟ್‌ಫೋನ್ ತೆಗೆದುಕೊಂಡು ಹೋದೆ. "ಇನ್ನು ಒತ್ತುವುದೇ ಬೇಡ ಅಜ್ಜಿ, ಮಾತಾಡಿದರೆ ಸಾಕು" ಅಂದೆ. ಸಾಫ್ಟ್‌ವೇರ್ ಎಂಜಿನಿಯರ್ ಅಲ್ವಾ, ಅಷ್ಟಾದರೂ ಜಂಭ ಬೇಡವೇ!

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಅಜ್ಜಿ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಇನಿ ಬರ್ಸ ಬರ್ಪುಂಡಾ?" ಅಂತ ಕೇಳಿದರು. ಇವತ್ತು ಮಳೆ ಬರುತ್ತದಾ ಅಂತ. ಕನ್ನಡಕ್ಕೆ ಸೆಟ್ ಮಾಡಿದ್ದ ಫೋನು 'ಬರ್ಸ'ವನ್ನು 'ವರ್ಷ' ಮಾಡಿಕೊಂಡು ಕ್ಯಾಲೆಂಡರ್ ತೋರಿಸಿತು. ಎರಡನೇ ಸಲ ಅಜ್ಜಿ ಗಂಟಲು ಸರಿಮಾಡಿಕೊಂಡು, ಬ್ಯಾಂಕಿನಲ್ಲಿ ಮ್ಯಾನೇಜರರ ಹತ್ತಿರ ಮಾತಾಡುವ ಕನ್ನಡದಲ್ಲಿ ಕೇಳಿದರು. ಉತ್ತರ ಬಂತು. ನಾವೆಲ್ಲ ನಕ್ಕೆವು, ಅಜ್ಜಿ ನಗಲಿಲ್ಲ. "ಇದೂ ಆಫೀಸಿನವರ ಹಾಗೆಯೇ" ಅಂದರು.

ಮೊಬೈಲಿನ ನಾಳೆ ಅಂದರೆ ಎಲ್ಲರೂ 6ಜಿ, ಮಡಚುವ ಪರದೆ ಎನ್ನುತ್ತಾರೆ. ನನಗನಿಸುವಂತೆ ದೊಡ್ಡ ಬದಲಾವಣೆ ಮಾತಿನದ್ದು. ಬ್ಯಾಂಕು, ಬಸ್ ಟಿಕೆಟ್, ಡಾಕ್ಟರ ಅಪಾಯಿಂಟ್‌ಮೆಂಟ್ ಎಲ್ಲವೂ ಫೋನಿನ ಜೊತೆ ಮಾತಾಡಿಯೇ ಆಗುವ ಕಾಲ ದೂರವಿಲ್ಲ. ಓದು ಬಾರದವರಿಗೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ಆದರೆ ಯಾವ ಭಾಷೆಯಲ್ಲಿ?

2011ರ ಜನಗಣತಿಯಲ್ಲಿ ತುಳು ನಮ್ಮ ಮಾತೃಭಾಷೆ ಎಂದವರು 18 ಲಕ್ಷಕ್ಕೂ ಹೆಚ್ಚು. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಮಾತ್ರ ತುಳು ಇಲ್ಲ. 2024ರಲ್ಲಿ ಗೂಗಲ್ ಅನುವಾದಕ್ಕೆ ಸೇರಿತು, ಸಂತೋಷವೇ. ಆದರೆ ಬರೆದ ತುಳು ಬೇರೆ, ಆಡುವ ತುಳು ಬೇರೆ. ಮಾತು ಕಲಿಯಲು ಯಂತ್ರಕ್ಕೆ ನೂರಾರು, ಸಾವಿರಾರು ಗಂಟೆಗಳ ಧ್ವನಿ ಬೇಕು, ಅದನ್ನು ಶಬ್ದ ಬಿಡದೆ ಬರೆದಿಟ್ಟದ್ದೂ ಬೇಕು. ಉಡುಪಿ ಕಡೆಯ ನಾವೋ, ಮನೆಯಲ್ಲಿ ತುಳು ಆಡಿ ಶಾಲೆಯಲ್ಲಿ ಕನ್ನಡ ಬರೆದವರು.

ಧ್ವನಿಗೇನೂ ಬರವಿಲ್ಲ. ಕಾಪುವಿನ ಮಾವ ವಾಟ್ಸಾಪಿನಲ್ಲಿ ಕಳಿಸುವುದೆಲ್ಲ ತುಳು ವಾಯ್ಸ್ ಮೆಸೇಜೇ. ಬಂಗುಡೆಯ ರೇಟು, ಸಾಲದ ಕಂತು, ಅತ್ತೆಯ ಮೇಲಿನ ದೂರು. "ಇದನ್ನೆಲ್ಲ ಕಂಪ್ಯೂಟರಿಗೆ ಕಲಿಸಲು ಕೊಡ್ತೀರಾ ಮಾವ?" ಎಂದು ಕೇಳಿದೆ. "ನನ್ನ ಸಾಲ ಊರಿಗೆಲ್ಲ ಗೊತ್ತಾಗ್ಲಿಕ್ಕಾ ಮಾರಾಯ?" ಅಂದರು. ಅದೂ ಸರಿಯೇ. ಧ್ವನಿಯ ಜೊತೆ ಮನೆಯ ಗುಟ್ಟೂ ಹೋಗುತ್ತದೆ.

ಅಜ್ಜಿ ಮಾತ್ರ ಒಪ್ಪಿದರು. ಹಲಸಿನ ಹಪ್ಪಳ ಮಾಡುವುದು ಹೇಗೆ ಅಂತ 11 ನಿಮಿಷ ಹೇಳಿದ್ದಾರೆ. ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ, ಯಾರಿಗೂ ಕೊಟ್ಟಿಲ್ಲ. ಬರೆದಿಡಲು ಕೂತಿದ್ದೇನೆ. ಎರಡು ನಿಮಿಷದಷ್ಟು ಆಗಿದೆ. ನಡುವೆ ಅವರು ಬಳಸಿದ ಒಂದು ಶಬ್ದ ನನಗೇ ಗೊತ್ತಿರಲಿಲ್ಲ, ಅಮ್ಮನಿಗೆ ಫೋನ್ ಮಾಡಿ ಕೇಳಬೇಕಾಯಿತು.